ಬೆನ್ನು ತೋರಿಸುವ ಚಿತ್ರ

ಪ್ರಶ್ನೆ: ಚೌಕಟ್ಟಿನ ಹಿಂಬದಿಯನ್ನಷ್ಟೇ ಬಿಡಿಸಿದ ಹಳೆಯ ಯುರೋಪಿಯನ್ ಚಿತ್ರವೊಂದು ಇದೆಯಂತೆ. ಅದು ನೋಡುಗರನ್ನು ಹೇಗೆ ನಂಬಿಸುತ್ತದೆ?

ಉತ್ತರ: ಕಾರ್ನೇಲಿಯಸ್ ಗೈಸ್‌ಬ್ರೆಕ್ಟ್ಸ್ ಡೆನ್ಮಾರ್ಕ್ ಅರಸರ ಆಶ್ರಯದಲ್ಲಿದ್ದಾಗ, 1670ರ ಸುಮಾರಿಗೆ ಬಿಡಿಸಿದ ಆ ತೈಲಚಿತ್ರ ಈಗ ಕೋಪನ್‌ಹೇಗನ್‌ನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ಮರದ ಎಳೆಗಳು, ಸಣ್ಣ ಮೊಳೆಗಳು, 36 ಎಂದು ಬರೆದು ಅಂಟಿಸಿದಂತಿರುವ ಪುಟ್ಟ ಚೀಟಿ, ಅದರ ಅಂಚಿನ ನೆರಳು ಸಹ ಬರಿಯ ಬಣ್ಣವೇ. ನಮ್ಮ ಎರಡು ಕಣ್ಣುಗಳು ಕಾಣುವ ನೋಟಗಳಲ್ಲಿನ ಅಲ್ಪ ವ್ಯತ್ಯಾಸದಿಂದ ಮಿದುಳು ವಸ್ತುವಿನ ಆಳವನ್ನು ಅಳೆಯುತ್ತದೆ. ಆದರೆ ಚಿತ್ರಿಸಿದ ವಸ್ತುವೇ ಹೆಚ್ಚುಕಡಿಮೆ ಚಪ್ಪಟೆಯಾಗಿದ್ದು, ನಿಜವಾದ ಅಳತೆಯಲ್ಲಿಯೇ ಮೂಡಿದ್ದರೆ ಆ ಪರೀಕ್ಷೆಗೆ ಸುಳ್ಳು ಸಿಕ್ಕಿಬೀಳುವುದಿಲ್ಲ. ಹೂಬುಟ್ಟಿ, ಹಣ್ಣಿನ ತಟ್ಟೆಗಳಿಗಿಂತ ಕಾಗದ, ಹಲಗೆ, ಮೊಳೆಗಳು ಇಂತಹ ಚಿತ್ರಕಾರರಿಗೆ ಪ್ರಿಯವಾದದ್ದು ಇದಕ್ಕಾಗಿಯೇ. ಕೈಗೆತ್ತಿಕೊಂಡು ತಿರುಗಿಸಿದರೆ, ಅಲ್ಲಿ ಸಿಗುವುದು ನಿಜವಾದ ಹಿಂಬದಿ.