ಪಟ್ಟಿ ಯಾಕೆ ತಡವರಿಸುತ್ತಿದೆ?

ಪ್ರಶ್ನೆ: ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿಯಲ್ಲಿ ಕೋಡ್ ಬರೆದು ಅಭ್ಯಾಸವಿದೆ. ಅದೇ ಧೈರ್ಯದಲ್ಲಿ, ಅದರ ಮೊಬೈಲ್ ರೂಪವಾದ ರಿಯಾಕ್ಟ್ ನೇಟಿವ್‌ನಲ್ಲಿ ಆ್ಯಪ್ ಮಾಡಿದೆ. 800 ಹೆಸರುಗಳ ಪಟ್ಟಿ ಇರುವ ಪುಟ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ, ಆಮೇಲೂ ತಡವರಿಸುತ್ತದೆ. ಆ್ಯಪ್ ಕಟ್ಟುವ ಇನ್ನೊಂದು ಸಾಧನವಾದ ಫ್ಲಟರ್‌ಗೆ ಹೋಗಿಬಿಡಲಾ?

ಉತ್ತರ: ಸ್ವಲ್ಪ ತಾಳಿ. ಆ ಪಟ್ಟಿಯನ್ನು ನೀವು ಸ್ಕ್ರಾಲ್‌ವ್ಯೂ (ಒಳಗಿರುವುದನ್ನು ಸರಿಸಿ ನೋಡಲು ಬಿಡುವ ಘಟಕ) ಒಳಗೆ ಮ್ಯಾಪ್ ಮಾಡಿ, ಅಂದರೆ ಒಂದೊಂದು ಹೆಸರಿಗೂ ಒಂದೊಂದು ಸಾಲು ಮಾಡಿ, ಸುರಿದಿದ್ದೀರಿ ಅಂತ ನನ್ನ ಗುಮಾನಿ. ವೆಬ್‌ನಿಂದ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಸ್ಕ್ರಾಲ್‌ವ್ಯೂ 800 ಸಾಲನ್ನೂ ಒಂದೇ ಸಲ ಕಟ್ಟುತ್ತದೆ, ಪರದೆಯಲ್ಲಿ ಕಾಣುವುದು ಹತ್ತೋ ಹನ್ನೆರಡೋ ಅಷ್ಟೇ ಅಲ್ವಾ? ಇಲ್ಲಿ ಪ್ರತಿ ವ್ಯೂ (ಪರದೆ ಮೇಲಿನ ತುಣುಕು) ಕೂಡ ಆಂಡ್ರಾಯ್ಡ್ ಅಥವಾ ಐಒಎಸ್‌ನ ನಿಜವಾದ ವ್ಯೂ ಆಗಿ ನಿಲ್ಲುವುದರಿಂದ ಆ ಭಾರ ಹಳೆಯ ಫೋನಿಗೆ ಜಾಸ್ತಿಯೇ.

ಅದರ ಬದಲು ಫ್ಲ್ಯಾಟ್‌ಲಿಸ್ಟ್ ಅನ್ನೋ ಪಟ್ಟಿ ಘಟಕ ಹಾಕಿ. ಅದು ಕಾಣುವ ಸಾಲುಗಳನ್ನೂ ಅವುಗಳ ಅಕ್ಕಪಕ್ಕದ ಕೆಲವನ್ನೂ ಮಾತ್ರ ಕಟ್ಟಿಕೊಳ್ಳುತ್ತದೆ. ಪ್ರತಿ ಸಾಲಿಗೆ ಗುರುತು ಕೊಡುವ ಕೀಎಕ್ಸ್‌ಟ್ರ್ಯಾಕ್ಟರ್‌ಗೆ ಸಾಲಿನ ಕ್ರಮಸಂಖ್ಯೆ ಬೇಡ, ನಿಮ್ಮ ದತ್ತಾಂಶದ ಐಡಿ ಕೊಡಿ. ಸಾಲುಗಳ ಎತ್ತರ ಒಂದೇ ಆಗಿದ್ದರೆ ಆ ಎತ್ತರವನ್ನು ಮೊದಲೇ ತಿಳಿಸುವ ಗೆಟ್‌ಐಟಂಲೇಔಟ್ ಕೂಡ ಬರೆದುಬಿಡಿ, ಅಳತೆ ಮಾಡುವ ಕೆಲಸ ತಪ್ಪುತ್ತದೆ. ಆದರೆ ಈ ಫ್ಲ್ಯಾಟ್‌ಲಿಸ್ಟನ್ನು ಮತ್ತೆ ಅದೇ ದಿಕ್ಕಿನ ಸ್ಕ್ರಾಲ್‌ವ್ಯೂ ಒಳಗೆ ಕೂರಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮೇಲೆ ತಲೆಬರಹ ಬೇಕಿದ್ದರೆ ಲಿಸ್ಟ್‌ಹೆಡರ್‌ಕಾಂಪೊನೆಂಟ್ ಇದೆ.

ಇನ್ನೊಂದು: ವೇಗವನ್ನು ಡೆವಲಪ್‌ಮೆಂಟ್ ಮೋಡ್‌ನಲ್ಲಿ ಅಳೆಯಬೇಡಿ, ಅದು ಹೇಗೂ ನಿಧಾನ. ರಿಲೀಸ್ ಬಿಲ್ಡ್ (ಬಳಕೆದಾರರಿಗೆ ಕೊಡುವ ರೂಪ) ಹಾಕಿ ನೋಡಿ.

ಫ್ಲಟರ್ ಒಳ್ಳೆಯದೇ, ಅದರ ಭಾಷೆ ಡಾರ್ಟ್ ಕಲಿಯುವ ಆಸೆಯಿದ್ದರೆ ಹೋಗಿ. ಸುಮ್ನೆ ಈ ಪಟ್ಟಿಗೋಸ್ಕರ ಬೇಡ, ಅಲ್ಲೂ ಉದ್ದ ಪಟ್ಟಿಗೆ ಲಿಸ್ಟ್‌ವ್ಯೂ ಡಾಟ್ ಬಿಲ್ಡರ್ ಅಂತಲೇ ಬರೆಯಬೇಕು.