ಎ, ಇ, ಎನ್, ಆರ್, ಟಿ ಐದೂ ಇರುವ ಇಂಗ್ಲಿಷ್ ಪದ ಹುಡುಕೋದು ಹೇಗೆ?

ಮಗಳಿಗೆ ಶಾಲೆಯಲ್ಲಿ ಎ, ಇ, ಎನ್, ಆರ್, ಟಿ ಅಂತ ಐದು ಅಕ್ಷರ ಕೊಟ್ಟು, ಐದೂ ಇರುವ 20 ಇಂಗ್ಲಿಷ್ ಪದ ಬರೆದು ತರಲು ಹೇಳಿದ್ದಾರೆ, ಒಂದು ಗಂಟೆ ಡಿಕ್ಷನರಿ ತಿರುವಿದರೂ ನಾಲ್ಕು ದಾಟಿಲ್ಲ ಅಂತ ಬರೆದಿದ್ದೀರಿ. ಮೊದಲು ಆ ಡಿಕ್ಷನರಿ ಮುಚ್ಚಿಡಿ. ಅದು ಮೊದಲ ಅಕ್ಷರ ಹಿಡಿದು ಜೋಡಿಸಿದ ಪುಸ್ತಕ. ನಿಮಗೆ ಬೇಕಾದ ಆರ್ ಪದದ ನಡುವೆ ಎಲ್ಲೋ ಕೂತಿದ್ದರೆ ಡಿಕ್ಷನರಿಗೆ ಅದು ಕಾಣುವುದೇ ಇಲ್ಲ.

ನಾನು ಬಳ್ಳಾರಿಯಲ್ಲಿ ಸಂಜೆ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಬಹಳಷ್ಟು ಕನ್ನಡ ಮೀಡಿಯಂ ಮಕ್ಕಳು. ಇಂಥ ಆಟದಲ್ಲಿ ಅವರು ಎಡವುವ ಜಾಗ ಒಂದೇ, ಪದವನ್ನು ಕಿವಿಯಿಂದ ಹುಡುಕುತ್ತಾರೆ. ಕನ್ನಡದಲ್ಲಿ ಅದು ನಡೆಯುತ್ತದೆ, ಬರೆದಂತೆ ಓದುತ್ತೇವೆ ಅಲ್ವಾ. ಇಂಗ್ಲಿಷಿನಲ್ಲಿ ಕೈಕೊಡುತ್ತದೆ. ನೇಚರ್ ಅನ್ನಿ, ಅದರಲ್ಲಿ ಟಿ ಇದೆ ಅಂತ ಯಾವ ಕಿವಿಗೆ ಕೇಳಿಸುತ್ತದೆ? ಬರೆದು ನೋಡಿ: ಎನ್, ಎ, ಟಿ, ಯು, ಆರ್, ಇ. ನಿಮ್ಮ ಐದೂ ಅಲ್ಲೇ ಇವೆ. ಹಾಗಾಗಿ ಬಾಯಲ್ಲಿ ಹೇಳಿಕೊಳ್ಳದೆ ಅಕ್ಷರಗಳನ್ನು ಕಣ್ಣ ಮುಂದೆ ಹರಡಿಕೊಂಡು ಆಡಿಸಬೇಕು.

ಅದಕ್ಕೆ ರಟ್ಟಿನ ತುಂಡು ಸಾಕು. ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ, ಪ್ಯಾಂಟಿಗೆ ಕಟ್ಟುವ ಟ್ಯಾಗು ಮಿಕ್ಕಿದ್ದನ್ನು ಕೊಡುತ್ತಾರೆ, ಅದರ ಹಿಂದೆ ಅಕ್ಷರ ಬರೆದಿಟ್ಟಿದ್ದೇನೆ. ಶುರುವಿನಲ್ಲಿ ಒಂದು ದಡ್ಡತನ ಮಾಡಿದ್ದೆ. ಪ್ರತಿ ಅಕ್ಷರಕ್ಕೂ ಎರಡೆರಡು ಅಂತ 52 ಟ್ಯಾಗು ಬರೆದೆ. ಮಕ್ಕಳ ಕೈಗೆ ಬರೀ ಕ್ಯೂ, ಎಕ್ಸ್, ಝಡ್ ಬಂದು ಆಟವೇ ನಿಂತುಹೋಗುತ್ತಿತ್ತು. ಆಮೇಲೆ ಸ್ಕ್ರ್ಯಾಬಲ್ ಅಂತ ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಮಾಡುವ ಆಟವಿದೆಯಲ್ಲ, ಅದರ ಲೆಕ್ಕ ನೋಡಿದೆ. ಅದರ 100 ಬಿಲ್ಲೆಗಳಲ್ಲಿ ಇ ಒಂದೇ 12, ಎ ಮತ್ತು ಐ ಒಂಬತ್ತೊಂಬತ್ತು, ಕ್ಯೂ, ಝಡ್ ಒಂದೊಂದೇ. ಆ ಆಟ ಮಾಡಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟ ಇಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದ್ದರಂತೆ. ನಿಮಗೆ ಸಿಕ್ಕಿರುವ ಐದೂ ಜಾಸ್ತಿ ಓಡಾಡುವ ಅಕ್ಷರಗಳೇ, ಅದೃಷ್ಟ ಅಂದುಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಐದನ್ನೂ ಒಟ್ಟಿಗೆ ಹುಡುಕಬೇಡಿ, ಇಂಗ್ಲಿಷಿನಲ್ಲಿ ಪದೇಪದೇ ಬರುವ ತುಂಡುಗಳಲ್ಲಿ ಎಷ್ಟು ಅಕ್ಷರ ಮುಗಿಯುತ್ತವೆ ನೋಡಿ. ‘ಟ್ರಾನ್ಸ್’ ಅಂತ ಶುರು ಮಾಡಿದರೆ ನಾಲ್ಕು ಅಕ್ಷರ ಅಲ್ಲೇ ಮುಗಿದವು, ಇ ಒಂದು ಬಂದರೆ ಆಯ್ತು: ಟ್ರಾನ್ಸ್‌ಫರ್, ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಅನ್ನೋ ಪದ ಕೇಳದ ಮಗು ಇಲ್ಲ ಬಿಡಿ, ಆದರೂ ಈ ಪ್ರಶ್ನೆಗೆ ಅದು ಒಬ್ಬರ ಬಾಯಿಗೂ ಬರುವುದಿಲ್ಲ. ‘ಇಂಟರ್’ ಹಿಡಿದರೆ ಉಳಿಯುವುದು ಎ ಮಾತ್ರ: ಇಂಟರ್ನಲ್, ಇಂಟರ್‌ನ್ಯಾಷನಲ್. ಇನ್ನು ಕೊನೆಯಿಂದ ಬನ್ನಿ. ಕೊನೆಗೆ ಇ, ಆರ್ ಇಟ್ಟರೆ ಪೇಂಟರ್, ಪ್ಲಾಂಟರ್. ಕೊನೆಗೆ ಇ, ಎನ್, ಟಿ ಇಟ್ಟರೆ ಪೇರೆಂಟ್, ಟ್ರಾನ್ಸ್‌ಪರೆಂಟ್, ಡಿಪಾರ್ಟ್‌ಮೆಂಟ್. ಕೊನೆಗೆ ಎ, ಟಿ, ಇ ಇಟ್ಟರೆ ಜನರೇಟ್. ಇಲ್ಲಿಗೆ ನೇಚರ್ ಸೇರಿ 11 ಆಯ್ತು. ಲ್ಯಾಂಟರ್ನ್, ಈಸ್ಟರ್ನ್, ಸ್ಟ್ರೇಂಜ್, ರೆಸ್ಟೋರೆಂಟ್ ಕೂಡ ಸೇರಿಸಿ. ಉಳಿದ ಐದನ್ನು ಮಗಳೇ ಹುಡುಕಲಿ.

ಕಂಪ್ಯೂಟರ್ ಇದ್ದರೆ ಇದು ಅಕ್ಕಿ ಜರಡಿ ಹಿಡಿದ ಹಾಗೆ. ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಎಕ್ಸೆಲ್‌ಗೆ ಹಾಕಿ, ಮೊದಲು ಎ ಇರುವವನ್ನು ಮಾತ್ರ ಫಿಲ್ಟರ್ ಮಾಡಿ ಬೇರೆ ಶೀಟಿಗೆ ಹಾಕಿಕೊಳ್ಳಿ, ಅದರಲ್ಲಿ ಇ ಇರುವವು, ಹೀಗೆ ಐದು ಸಲ ಸೋಸಿದರೆ ಮುಗಿಯಿತು. ಲಿನಕ್ಸ್ ಕಂಪ್ಯೂಟರ್ ಬಲ್ಲವರು ಇದನ್ನೇ ಗ್ರೆಪ್ ಅನ್ನೋ ಹುಡುಕುವ ಕಮಾಂಡ್‌ನಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಹೋಂವರ್ಕಿಗೆ ಇದನ್ನು ಮಾಡಬೇಡಿ, ನೂರಾರು ಪದ ಬಂದು ಬೀಳುತ್ತವೆ, ಅರ್ಧಕ್ಕರ್ಧ ನಮಗೇ ಅರ್ಥ ಗೊತ್ತಿರುವುದಿಲ್ಲ.

ಒಂದು ವಿಷಯ ಮಾತ್ರ ಟೀಚರ್ ಹತ್ತಿರ ಕೇಳಿಕೊಳ್ಳಿ. ಐದೂ ಇರುವ ಪದ ಬೇಕೋ, ಐದರಿಂದ ಮಾತ್ರ ಮಾಡಿದ ಪದ ಬೇಕೋ? ಎರಡನೆಯದಾದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ದಂಡ. ಆಗ ರೆಂಟ್, ನೀಟ್, ರೇಟ್ ಥರದ ಸಣ್ಣ ಪದಗಳೇ ಉತ್ತರ. ಅದೇ ಅಕ್ಷರ ಹಿಂದೆಮುಂದೆ ಮಾಡಿ ಬೇರೆ ಪದ ಮಾಡುವ ಆಟವಾದರೆ ಒಂದು ಉಪಾಯವಿದೆ, ಪ್ರತಿ ಪದದ ಅಕ್ಷರಗಳನ್ನು ಎ, ಬಿ, ಸಿ ಕ್ರಮಕ್ಕೆ ಜೋಡಿಸಿ ಬರೆಯಿರಿ. ಲಿಸನ್ ಕೂಡ ಇ, ಐ, ಎಲ್, ಎನ್, ಎಸ್, ಟಿ ಆಗುತ್ತದೆ, ಸೈಲೆಂಟ್ ಕೂಡ ಅದೇ ಆಗುತ್ತದೆ. ಎರಡೂ ಒಂದೇ ಬಂದರೆ ಜೋಡಿ ಸಿಕ್ಕಿತು ಅಂತ ಲೆಕ್ಕ. ಇಲ್ಲೂ ನೋಡಿ, ಲಿಸನ್‌ನಲ್ಲಿ ಟಿ ಕಿವಿಗೆ ಬೀಳುವುದೇ ಇಲ್ಲ.

ಹಾಂ, ಒಂದು ಅಕ್ಷರ ಒಂದೇ ಸಲ ಬರಬೇಕು ಅಂದಿದ್ದರೆ ಮೇಲಿನ ಪಟ್ಟಿಯಲ್ಲಿ ನೇಚರ್, ಪೇಂಟರ್, ಪ್ಲಾಂಟರ್, ಪೇರೆಂಟ್, ಸ್ಟ್ರೇಂಜ್ ಇಷ್ಟನ್ನೇ ಇಟ್ಟುಕೊಂಡು ಮಿಕ್ಕವನ್ನು ಹೊಡೆದು ಹಾಕಿ. ರೆಸ್ಟೋರೆಂಟ್‌ನಲ್ಲಂತೂ ಎ, ಆರ್, ಟಿ ಮೂರೂ ಎರಡೆರಡು ಇವೆ.