ಕಾಸರಗೋಡಿನ ಬಸ್ಸು ಮತ್ತು ಅದರ ಬೋರ್ಡು

ಮೈಸೂರಿನಿಂದ ಮೊದಲ ಬಾರಿ ಕಾಸರಗೋಡಿಗೆ ಬಂದ ತಾವು, ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೂ ಬಸ್ಸುಗಳ ಮಲಯಾಳ ಬೋರ್ಡುಗಳಲ್ಲಿ ಒಂದನ್ನೂ ಓದಲಾಗದೆ, ಕನ್ನಡದ ಊರೆಂದು ನಂಬಿ ಬಂದವರಿಗೆ ಪರದೇಶದಲ್ಲಿ ಇಳಿದಂತಾಯಿತೆಂದು ಬರೆದಿದ್ದೀರಿ. ಬೋರ್ಡಿನ ವಿಷಯದಲ್ಲಿ ತಮ್ಮ ಬೇಸರ ನ್ಯಾಯವಾದದ್ದು. ಆದರೆ ಅಲ್ಲಿ ಯಾರನ್ನಾದರೂ ಕನ್ನಡದಲ್ಲೇ ಕೇಳಿದ್ದರೆ ಎರಡು ನಿಮಿಷದಲ್ಲಿ ಸರಿಯಾದ ಬಸ್ಸು ಸಿಗುತ್ತಿತ್ತು. ಇಲ್ಲಿನ ಕಂಡಕ್ಟರುಗಳಲ್ಲಿ ಹೆಚ್ಚಿನವರು ಮಲಯಾಳದಲ್ಲಿ ಟಿಕೆಟ್ ಕೊಟ್ಟು, ತುಳುವಿನಲ್ಲಿ ಚಿಲ್ಲರೆ ಕೇಳಿ, ಕನ್ನಡದಲ್ಲಿ ಅಜ್ಜಿಯರಿಗೆ ಇಳಿಯುವ ಜಾಗ ಹೇಳಬಲ್ಲವರು.

1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಇಷ್ಟಾದರೂ ನಮಗೆ ದೊಡ್ಡ ಆಸ್ಪತ್ರೆಯೆಂದರೆ, ಕಾಲೇಜೆಂದರೆ, ಮದುವೆಯ ಜವಳಿಯೆಂದರೆ ಇಂದಿಗೂ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರೇ. ಆ ದಾರಿಯಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿ, ಆಂಬುಲೆನ್ಸುಗಳೂ ನಿಂತುಹೋದ ದಿನಗಳಲ್ಲಿ, ಆ ಬಸ್ಸು ನಮಗೆ ಏನಾಗಿತ್ತೆಂಬುದು ಮನೆಮನೆಗೂ ಅರಿವಾಯಿತು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದಾಗಲೂ ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರವಾದ್ದರಿಂದ, ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ಹೆಂಗಸರು ಟಿಕೆಟ್ ಪಡೆದೇ ಹೋಗುತ್ತಿದ್ದಾರೆ.

ಬಸ್ಸಿನ ಬಣ್ಣವನ್ನು ನೋಡಿ ಗುರುತಿಸಲು ಹೋಗಿ ಮೋಸಹೋದೆನೆಂದೂ ಬರೆದಿದ್ದೀರಿ. ಅದಕ್ಕೆ ಕಾರಣವಿದೆ. ಹಿಂದೆ ಪ್ರತಿಯೊಬ್ಬ ಮಾಲೀಕರೂ ತಮ್ಮ ಬಸ್ಸಿಗೆ ತಮಗೆ ಬೇಕಾದ ಬಣ್ಣ ಬಳಿಯುತ್ತಿದ್ದರು. 2018ರಲ್ಲಿ ಕೇರಳದಲ್ಲಿ ಖಾಸಗಿ ಬಸ್ಸುಗಳಿಗೆ ಏಕರೂಪದ ಬಣ್ಣ ಕಡ್ಡಾಯವಾಗಿ, ಹಳ್ಳಿಯ ಕಡೆ ಹೋಗುವ ಸಾಮಾನ್ಯ ಬಸ್ಸುಗಳೆಲ್ಲ ನೀಲಿಯಾದವು. ಮಲಯಾಳ ಓದಲು ಬಾರದ ನಮ್ಮ ಹಿರಿಯರಿಗೆ ಬಣ್ಣವೇ ಬೋರ್ಡಾಗಿತ್ತೆಂಬುದನ್ನು ಯಾರೂ ಆಲೋಚಿಸಿದಂತಿಲ್ಲ.

ನನ್ನ ದೊಡ್ಡಮ್ಮನ ಮನೆ ಬದಿಯಡ್ಕದ ಬಳಿ. ಅವರು ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವರು. ಪೇಟೆಯಿಂದ ಹಿಂದಿರುಗುವಾಗ ಹಳದಿ ಪಟ್ಟಿಯ ಒಂದು ಬಸ್ಸನ್ನು ದೂರದಿಂದಲೇ ಗುರುತಿಸಿ ಕೊಡೆ ಎತ್ತಿ ನಿಲ್ಲಿಸುತ್ತಿದ್ದರು. ಎಲ್ಲವೂ ನೀಲಿಯಾದ ವರ್ಷ, ಒಂದು ಮಳೆಯ ಸಂಜೆ, ಯಾರನ್ನೂ ಕೇಳದೆ ಹತ್ತಿದ ಬಸ್ಸು ಚೆರ್ಕಳದಲ್ಲಿ ಬದಿಯಡ್ಕದ ರಸ್ತೆಯನ್ನು ಬಿಟ್ಟು ಬೋವಿಕ್ಕಾನದ ಕಡೆಗೆ ಹೋಯಿತು. ದೊಡ್ಡಮ್ಮ ಗಾಬರಿಯಾದುದನ್ನು ಕಂಡ ಕಂಡಕ್ಟರ್ ಹಗ್ಗ ಎಳೆದು ಗಂಟೆ ಬಾರಿಸಿ ಬಸ್ಸು ನಿಲ್ಲಿಸಿದರು. ಬಾಗಿಲಲ್ಲಿದ್ದ ಹುಡುಗ ಅವರ ಚೀಲ ಹಿಡಿದು ರಸ್ತೆ ದಾಟಿಸಿ, ಎದುರಿನಿಂದ ಬಂದ ಬಸ್ಸಿಗೆ ಹತ್ತಿಸಿ, ಚೆರ್ಕಳದಲ್ಲಿ ಇಳಿಸಬೇಕೆಂದು ಆ ಬಸ್ಸಿನವರಿಗೆ ಹೇಳಿದ ಮೇಲೆಯೇ ಹಿಂದಿರುಗಿದನಂತೆ. ಅಷ್ಟು ಹೊತ್ತೂ ಒಂದು ಬಸ್ಸಿನ ಜನ ಸುಮ್ಮನೆ ಕಾದರು. ಇಂಥ ಜನರ ನಡುವೆ ಇರುವ ನಮಗೆ ಬೋರ್ಡಿನಲ್ಲಿ ಒಂದು ಸಾಲು ಕನ್ನಡವನ್ನು ಕೇಳುವುದು ಯಾರ ಮೇಲಿನ ಹಗೆಯಿಂದಲೂ ಅಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡಿಗರು ಸರ್ಕಾರವೇ ಒಪ್ಪಿಕೊಂಡ ಭಾಷಾ ಅಲ್ಪಸಂಖ್ಯಾತರು. ಅವರು ಊರಿನ ಹೆಸರನ್ನು ತಮ್ಮ ಲಿಪಿಯಲ್ಲಿ ಓದುವಂತಾಗಬೇಕು.

ಅಂದಿನಿಂದ ದೊಡ್ಡಮ್ಮ ಮೊಮ್ಮಗಳ ಬಳಿ ಮಲಯಾಳದ 'ಬ' ಅಕ್ಷರವನ್ನು ಕಲಿತಿದ್ದಾರೆ. ಆದರೆ ಬೋವಿಕ್ಕಾನದಲ್ಲಿಯೂ ಅದೇ ಅಕ್ಷರವಿದೆ. ಮಲಯಾಳದಲ್ಲಿ 'ಬೋ' ಬರೆಯುವಾಗ ಸ್ವರಚಿಹ್ನೆಯ ಒಂದು ಭಾಗ ಅಕ್ಷರದ ಎಡಗಡೆಗೆ ಬರುತ್ತದೆ. 'ಬ'ದ ಮೊದಲು ಸುರುಳಿಯಿದ್ದರೆ ಹತ್ತಬಾರದು, ಇಲ್ಲದಿದ್ದರೆ ಹತ್ತಬಹುದು ಎಂದು ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ದೊಡ್ಡಮ್ಮ ಈಗ ಬಸ್ಸಿನ ಎದುರು ನಿಂತು, ಕನ್ನಡಕ ಸರಿಮಾಡಿಕೊಂಡು ಆ ಸುರುಳಿಯನ್ನು ಹುಡುಕುತ್ತಾರೆ, ಬಳಿಕವೂ ಸಮಾಧಾನವಾಗದೆ, "ಬದಿಯಡ್ಕಕ್ಕೆ ಹೋಗ್ತದಾ ಮಗಾ?" ಎಂದು ಕೇಳಿಯೇ ಹತ್ತುತ್ತಾರೆ.